ಬಾಳೆಗುಳಿಯಲ್ಲಿ ನನ್ನ ಕಾಲು ಹಿಡಿದ ಕಬಡ್ಡಿ ತಜ್ಞರು

ಫ್ರೆಂಡ್ಸ್, ಇವತ್ತು ಹತ್ತು ಗಂಟೆಗೆ ಕಾರವಾರದಲ್ಲಿ ನನ್ನ ಕಾಲೇಜಿನ ಮೊದಲ ಇಂಟರ್ನಲ್ ಎಕ್ಸಾಮ್ ಇತ್ತು. ಬಾಳೆಗುಳಿಯಲ್ಲಿ ಬಸ್ಸಿಗೆ ಕಾಯುತ್ತಾ, ಫುಲ್ ಟೆನ್ಷನ್‌ನಲ್ಲಿ ನೋಟ್ಸ್ ತಿರುವುತ್ತಿದ್ದೆ. ಪಕ್ಕದಲ್ಲಿ ನಡುವಯಸ್ಸಿನ ಇಬ್ಬರು ತಾಲೂಕಿನ ಕಬಡ್ಡಿ ಡಿಫೆಂಡರ್‌ಗಳಿಗೆ ರ‍್ಯಾಂಕ್ ಹಂಚುತ್ತಿದ್ದರು.

"ನಮ್ಮೂರ ಲೆಫ್ಟ್ ಕಾರ್ನರೇ ನಂಬರ್ ಒನ್. ಅಂವ ಕಾಲು ಹಿಡಿದ್ರೆ ಮುಗೀತು," ಎಂದರು ಲುಂಗಿಯವರು.

"ಎಂತ ಕಾಲು ಮಾರಾಯಾ! ತೊಡೆ ಹಿಡಿಯೂ ನಮ್ಮ ಹುಡ್ಗನ ಎದ್ರು ಅಂವ ಹತ್ತನೇ ನಂಬರು," ಎಂದರು ಕನ್ನಡಕದವರು.

"ತಮಾ, ಹಂಗೇ ಒಂದು ರೇಡ್ ಬಾ, ತೋರಿಸ್ತೆ," ಎಂದು ಲುಂಗಿಯವರು ನನ್ನ ಕಡೆ ತಿರುಗಿ, ಕುಕ್ಕರಗಾಲಲ್ಲಿ ಕೂತು ನನ್ನ ಕಣಕಾಲು ಹಿಡಿದೇಬಿಟ್ಟರು. ಕನ್ನಡಕದವರು ಹಿಂದಿನಿಂದ ತೊಡೆ ತಬ್ಬಿದರು. ಅಷ್ಟರಲ್ಲಿ ಬಸ್ ಬಂತು.

"ಅಂಕಲ್, ಪ್ಲೀಸ್, ಎಕ್ಸಾಮ್ ಇದೆ!"

"ಬಿಡಿಸ್ಕಂಡು ಹೋಗಾ, ನೋಡ್ವ!"

ಕಂಡಕ್ಟರ್ ಬಾಗಿಲಲ್ಲಿ ನಿಂತು, "ಸೊಂಟ ತಿರುಗ್ಸಾ ತಮಾ!" ಎಂದು ಕೋಚಿಂಗ್ ಕೊಟ್ಟ. ನನಗೆ ಬಿಡಿಸಿಕೊಳ್ಳಲಾಗಲಿಲ್ಲ. ಅವನು ಸೀಟಿ ಊದಿದ, ಬಸ್ ಹೋಯಿತು.

"ನೀವು ಯಾವತ್ತಾದ್ರೂ ಕಬಡ್ಡಿ ಆಡಿದ್ದೀರಾ?" ಎಂದು ಅಳುವ ಸ್ವರದಲ್ಲೇ ಕೇಳಿದೆ.

"ಇಲ್ಲಾ, ನಾವು ನೋಡೂರು."

ಮುಂದಿನ ಬಸ್ಸಲ್ಲಿ ಹೋದೆ, ಸರ್ ಒಳಗೆ ಬಿಡಲಿಲ್ಲ. ತಜ್ಞರಿಬ್ಬರೂ ಕೊನೆಗೂ ಒಂದು ವಿಷಯ ಒಪ್ಪಿಕೊಂಡಿದ್ದಾರೆ: ತಾಲೂಕಿನ ರೇಡರ್‌ಗಳಲ್ಲಿ ನನ್ನದೇ ಲಾಸ್ಟ್ ರ‍್ಯಾಂಕ್.