ಮುಲುಂಡಿನ ನಾಲ್ಕನೇ ಸೀಟು

ಕಲ್ಯಾಣದಲ್ಲೇ ಇಳಿದುಬಿಡು, ಅಲ್ಲಿಂದ ಮುಲುಂಡಿನ ನಮ್ಮ ಮನೆ ಹತ್ತಿರ ಎಂದು ವನಜ ಚಿಕ್ಕಮ್ಮ ಫೋನಿನಲ್ಲಿ ಒತ್ತಿ ಹೇಳಿದ್ದರು. ನಾನು ಕೇಳಲಿಲ್ಲ. ಬೆಂಗಳೂರಿನಿಂದ ಬಂದ ರೈಲು ತಡವಾಗಿ ದಾದರ್ ಮುಟ್ಟಿದಾಗ ನಡುಮಧ್ಯಾಹ್ನ. ಅಕ್ಟೋಬರಿನ ಸೆಖೆಗೆ ಸೇತುವೆ ಹತ್ತಿ ಇಳಿಯುವಷ್ಟರಲ್ಲೇ ಕುರ್ತಾ ಬೆನ್ನಿಗೆ ಅಂಟಿಕೊಂಡಿತು. ಆದರೂ ನನಗೆ ಒಳಗೊಳಗೇ ಜಂಬ. ನಾನು ಮುಂಬಯಿಗೆ ಬಂದದ್ದೇ ಲೋಕಲ್ ನೋಡುವುದಕ್ಕೆ, ಆದ್ದರಿಂದ ಅದರ ಹೊಟ್ಟೆಯೊಳಗಿಂದಲೇ ಪ್ರವಾಸ ಶುರುವಾಗಲಿ ಎಂದುಕೊಂಡೆ.

ನಾನಿರುವುದು ರೈಲು ಬೋಗಿಗಳನ್ನು ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿ. ಉಪನಗರದ ವಿದ್ಯುತ್ ರೈಲಿಗೆ ಹೊಸ ಬೋಗಿಯೊಂದನ್ನು ಸಿದ್ಧಪಡಿಸುತ್ತಿದ್ದೆವು. ಇಂಥ ಗಾಡಿ ಸ್ಟೇಷನ್ನಿನಲ್ಲಿ ನಿಂತಂತೆ ಮಾಡಿ ಹೊರಡಬೇಕು, ಹೊರಟ ಕೂಡಲೇ ವೇಗ ಹಿಡಿಯಬೇಕು, ಮತ್ತೆ ಮುಂದಿನ ಸ್ಟೇಷನ್ನಿಗೆ ಬ್ರೇಕು ಹಾಕಬೇಕು. ಬ್ರೇಕು ಹಾಕುವಾಗ ಹುಟ್ಟುವ ವಿದ್ಯುತ್ತನ್ನು ಗಾಡಿ ತಲೆಯ ಮೇಲಿನ ತಂತಿಗೇ ಹಿಂದಿರುಗಿಸುತ್ತದೆ. ಮೋಟಾರು, ಬ್ರೇಕು, ಬಾಗಿಲು ಎಲ್ಲ ಬೇರೆಯವರ ಪಾಲಾಗಿ, ನನ್ನ ಪಾಲಿಗೆ ಬಂದದ್ದು ಸೀಟು. ಮೂರು ಜನರ ಬೆಂಚಿನ ಮೇಲೆ ಸೀಟಿಗೂ ಸೀಟಿಗೂ ನಡುವೆ ಲಟ್ಟಣಿಗೆಯಷ್ಟು ದಪ್ಪದ ಒಂದು ಏಣು ಎಬ್ಬಿಸಿದ್ದೆ. ಒಬ್ಬರಿಗೆ ಒಂದು ಜಾಗ, ಯಾರೂ ಯಾರ ಮೇಲೂ ಬೀಳುವಂತಿಲ್ಲ. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು. ಮಾದರಿ ಬೋಗಿ ಕಟ್ಟುವ ಮೊದಲು ನಿಜವಾದ ಗಾಡಿಯಲ್ಲಿ ಒಮ್ಮೆ ಇಟ್ಟು ಫೋಟೋ ತೆಗೆದುಕೊಂಡು ಬಾ ಎಂದಿದ್ದರು. ರಟ್ಟಿನಲ್ಲಿ ಮಾಡಿದ ಎರಡು ಏಣುಗಳು ನನ್ನ ಚೀಲದಲ್ಲಿದ್ದವು.

ಹತ್ತು ರೂಪಾಯಿಯ ಟಿಕೆಟ್ಟು ತೆಗೆದು ಹೆಂಗಸರ ಡಬ್ಬಿ ಹತ್ತಿದೆ. ಬೆಂಚಿನ ತುದಿಯಲ್ಲಿ ಮೂರನೆಯವಳಾಗಿ ಜಾಗ ಸಿಕ್ಕಿತು. ಕುರ್ಲಾದಲ್ಲಿ ಬುಟ್ಟಿ ಹಿಡಿದ ಒಬ್ಬ ಹೆಂಗಸು ಹತ್ತಿ, ನನ್ನ ಮುಂದೆ ನಿಂತು, "ಜರಾ ಸರ್ಕೋ" ಎಂದಳು. ಸ್ವಲ್ಪ ಸರಿ ಎನ್ನುವುದು ತಿಳಿಯಿತು. ಆದರೆ ಇದು ಮೂವರ ಸೀಟಲ್ಲವೇ? ನನ್ನ ಹರಕು ಹಿಂದಿಯಲ್ಲಿ ಹಾಗೆಂದೇ ಹೇಳಿ, ಮೂರು ಬೆರಳು ಎತ್ತಿ ತೋರಿಸಿದೆ. ಅವಳು ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ನಿಂತಳು. ನನ್ನ ಪಕ್ಕದವಳು ನನ್ನನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ನನಗೆ ಖುಷಿಯೇ ಆಯಿತು. ನನ್ನ ಏಣು ಇದ್ದಿದ್ದರೆ ಬಾಯಿ ಬಿಟ್ಟು ಹೇಳುವ ಕಷ್ಟವೂ ಇರುತ್ತಿರಲಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಇನ್ನೊಬ್ಬಳು ನನ್ನ ಕಡೆ ಗದ್ದ ಎತ್ತಿ, "ಕಹಾಂ?" ಎಂದಳು. ನಾನು ಹೆಮ್ಮೆಯಿಂದ "ಬ್ಯಾಂಗಲೋರ್" ಎಂದೆ. ಇಡೀ ಡಬ್ಬಿ ನಕ್ಕಿತು. ಬುಟ್ಟಿಯವಳು ಮಾತ್ರ ನಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಚಿಕ್ಕಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯೋ ಹುಚ್ಚಿ, ನಿನ್ನ ಊರು ಯಾವ್ದು ಅಂತಲ್ಲ ಕಣೆ ಕೇಳಿದ್ದು! ಎಲ್ಲಿ ಇಳೀತೀಯ ಅಂತ. ಮೊದ್ಲು ಕೇಳ್ದೋರಿಗೆ ನಿನ್ನ ಸೀಟು. ನೀನು ಬೆಂಗ್ಳೂರು ಅಂದ್ರೆ ಅವಳು ಅಲ್ಲೀವರ್ಗೂ ಕಾಯ್ಬೇಕಾ?" ಬುಟ್ಟಿಯವಳ ವಿಷಯ ನಾನು ಹೇಳಲಿಲ್ಲ. ಏಕೋ ಬಾಯಿಗೆ ಬರಲಿಲ್ಲ. ಅದರ ಬದಲು ಚೀಲದ ಕಡೆ ಕೈ ತೋರಿಸಿ, "ನಾನೇ ಯೋಚಿಸಿ ಮಾಡಿದ್ದು ಒಂದು ತಂದಿದೀನಿ, ನಾಳೆ ಗಾಡೀಲಿ ತೋರಿಸ್ತೀನಿ" ಎಂದೆ. ಚಿಕ್ಕಮ್ಮ ಇನ್ನೊಂದು ಸೌಟು ಬಿಸಿಬೇಳೆಭಾತ್ ಬಡಿಸಿದರು.

ಚಿಕ್ಕಮ್ಮ ಮೈಸೂರಿನಿಂದ ಮದುವೆಯಾಗಿ ಮುಲುಂಡಿಗೆ ಬಂದವರು. ಚಿಕ್ಕಪ್ಪ ತೀರಿಕೊಂಡು ಬಹಳ ಕಾಲವಾಯಿತು. ಸಯನ್ನಿನ ಒಂದು ಆಫೀಸಿನಲ್ಲಿ ಅವರ ಕೆಲಸ. ಬೆಳಿಗ್ಗೆ ಸ್ಟೇಷನ್ನಿಗೆ ನಡೆಯುತ್ತಿದ್ದಾಗ ಅವರು ಎಡಗಾಲನ್ನು ಎಳೆದು ಹಾಕುವುದನ್ನು ಗಮನಿಸಿದೆ. ಮೊಣಕಾಲು ಸವೆದಿದೆ, ನಿಲ್ಲಲೇಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ.

"ಮತ್ತೆ ದಿನಾ ಹೇಗೆ ಹೋಗ್ತೀರಿ? ಮುಲುಂಡಿಗೆ ಬರೋ ಹೊತ್ತಿಗೆ ಗಾಡಿ ತುಂಬಿರುತ್ತಲ್ಲ?"

"ಕುಸುಮ ಅಂತ ನನ್ನ ಗೆಳತಿ ಇದಾಳೆ. ಡೊಂಬಿವಿಲಿಯಲ್ಲೇ ಹೊರಡೋ ಗಾಡಿ, ಅವಳಿಗೆ ಸೀಟು ಸಿಗುತ್ತೆ. ನಾನು ಹತ್ತಿದ ತಕ್ಷಣ ಮೂರೂ ಜನ ಸರೀತಾರೆ. ನಂದು ನಾಲ್ಕನೇ ಸೀಟು. ಅದೊಂದು ಇಲ್ದಿದ್ರೆ ಕೆಲ್ಸ ಬಿಟ್ಟು ಮನೇಲಿ ಕೂತ್ಕೋಬೇಕು ಅಷ್ಟೆ."

"ಫಸ್ಟ್ ಕ್ಲಾಸಲ್ಲಿ ಹೋಗ್ಬಾರ್ದಾ?"

"ಅಲ್ಲಿ ಸರ್ಕೋ ಅಂದ್ರೆ ಯಾರೂ ಸರಿಯಲ್ಲಮ್ಮ."

ನನ್ನ ಏಣು ಬಂದರೆ ಆ ನಾಲ್ಕನೇ ಸೀಟೇ ಇರುವುದಿಲ್ಲ. ಆಗಲೇ ಹೇಳಬಹುದಿತ್ತು. ಇವತ್ತು ಬೇಡ ಚಿಕ್ಕಮ್ಮ, ಫೋಟೋ ತೆಗೆಯುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಚೇರಿಯವರು ಕಾಯುತ್ತಿದ್ದರು, ಗಾಡಿಯೂ ಬಂದುಬಿಟ್ಟಿತು.

ಕುಸುಮಾ ಉಡುಪಿ ಕಡೆಯವರು, ದಪ್ಪಗೆ, ದೊಡ್ಡ ಗಂಟಲಿನವರು. ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಚಿಕ್ಕಮ್ಮ ಹತ್ತುತ್ತಲೇ, "ಇವಳು ನನ್ನ ಅಕ್ಕನ ಮಗಳು ರೇಖಾ. ಟ್ರೇನ್ ಡಿಸೈನ್ ಮಾಡೋಳು. ಏನೋ ಟ್ರೈ ಮಾಡ್ಬೇಕಂತೆ, ಸ್ವಲ್ಪ ಏಳ್ರೇ ಎಲ್ಲಾ" ಎಂದು ಸಾರಿದರು. ಮೂವರೂ ಎದ್ದರು. ನಾನು ಎರಡು ರಟ್ಟಿನ ಏಣುಗಳನ್ನು ಬೆಂಚಿಗೆ ಅಂಟಿಸಿದೆ. ಮೂವರೂ ಮತ್ತೆ ಕೂತರು.

"ಇದೆಂತ ಮಾರಾಯ್ರೆ, ಕಟ್ಟೆಯಾ?" ಕುಸುಮಾ ಸರಿಯಲು ನೋಡಿದರು. ಸೊಂಟಕ್ಕೆ ಏಣು ಒತ್ತಿತು. "ವನಜಕ್ಕ ಎಲ್ಲಿ ಕೂರುವುದು? ಯಾರ ತಲೆಗೆ ಹೊಳೆದದ್ದು ಇದು?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಅದು... ಮೇಲಿನೋರು ಹೇಳಿದ್ದು. ನಾನು ಬರೀ ಅಳತೆ ನೋಡೋಕೆ ಬಂದಿರೋದು" ಎಂದೆ.

"ಪಾಪ, ನೀವೆಂತ ಮಾಡುವುದು" ಎಂದು ಕುಸುಮಾ ನನ್ನ ಕೈ ತಟ್ಟಿದರು. "ಆ ಮೇಲಿನವರನ್ನು ಒಂದು ದಿನ ಈ ಗಾಡಿಯಲ್ಲಿ ನಿಲ್ಲಿಸಬೇಕು, ಆಯ್ತಾ?"

ನಾನು ಚಿಕ್ಕಮ್ಮನ ಕಡೆ ನೋಡುವ ಧೈರ್ಯ ಮಾಡಿದೆ. ಹಿಂದಿನ ರಾತ್ರಿ "ನಾನೇ ಯೋಚಿಸಿ ಮಾಡಿದ್ದು" ಎಂದು ಅವರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ. ಅವರು ಅದನ್ನು ಎತ್ತಲಿಲ್ಲ. ಬೆಂಚಿನ ತುದಿಯಲ್ಲಿ ಒಮ್ಮೆ ಕೂರಲು ನೋಡಿದರು, ಜಾಗ ಸಾಲದೆ ಜಾರಿದರು. ಎದ್ದು ಕಂಬ ಹಿಡಿದು, "ಪರ್ವಾಗಿಲ್ಲ, ನಿಂತ್ಕೋತೀನಿ. ನೀನು ಫೋಟೋ ತೆಗಿ" ಎಂದರು. ಕುಸುಮಾ ತಾವು ಎದ್ದು ಸೀಟು ಬಿಡಲು ಹೋದರೆ, "ನೀನು ಎದ್ರೆ ಫೋಟೋ ಕೆಡುತ್ತೆ, ಕೂತ್ಕೋ" ಎಂದು ಗದರಿದರು.

ನಾನು ಫೋಟೋ ತೆಗೆದೆ. ನಾಚಿಕೆಗೇಡು, ಆದರೂ ತೆಗೆದೆ. ಭಾಂಡುಪ್, ವಿಕ್ರೋಲಿ, ಘಾಟ್ಕೋಪರ್ ದಾಟಿದವು. ಪ್ರತಿ ಬ್ರೇಕಿಗೂ ಚಿಕ್ಕಮ್ಮನ ಮುಖ ಕಿವುಚಿಕೊಳ್ಳುತ್ತಿತ್ತು. ಆ ಬ್ರೇಕಿನಿಂದ ಎಷ್ಟು ವಿದ್ಯುತ್ತು ಉಳಿಯುತ್ತದೆ ಎಂದು ನಾವು ಕಚೇರಿಯಲ್ಲಿ ಲೆಕ್ಕ ಹಾಕುತ್ತಿದ್ದೆವು, ಅದರಿಂದ ಒಂದು ಮೊಣಕಾಲಿಗೆ ಏನಾಗುತ್ತದೆಂದು ಕೇಳಿದವರಿಲ್ಲ. ಸಯನ್ ಬಂದಾಗ ಅವರು ಕಾಲು ಎಳೆಯುತ್ತಾ ಇಳಿದರು. ನಾನು ರಟ್ಟು ಕಿತ್ತು ಚೀಲಕ್ಕೆ ತುರುಕಿಕೊಂಡು ಹಿಂದೆ ಇಳಿದೆ. ಅಲ್ಲಿಂದ ಆಚೆ ನಾನು ದಿನವಿಡೀ ಗಾಡಿ ಹತ್ತಿ ಇಳಿದು ಏನೇನೋ ನೋಡಿದೆ, ಏನೂ ತಲೆಗೆ ಹೋಗಲಿಲ್ಲ.

ಮಾರನೆಯ ದಿನ ಚಿಕ್ಕಮ್ಮ ರಜ ಹಾಕಿದರು. ಮೊಣಕಾಲು ಊದಿ ಗುಂಡಗಾಗಿತ್ತು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನನ್ನ ಪ್ರಯಾಣಕ್ಕೆ ಚಪಾತಿ ಲಟ್ಟಿಸಿದರು. ಅವರ ಕೈಯಲ್ಲಿ ಉರುಳುತ್ತಿದ್ದ ಲಟ್ಟಣಿಗೆ ನೋಡಲಾರದೆ ನಾನು ಬಾಲ್ಕನಿಗೆ ಹೋಗಿ ನಿಂತೆ.

ನನ್ನ ಬೆಂಗಳೂರು ಗಾಡಿ ಕಲ್ಯಾಣದಿಂದ ಇತ್ತು. ಬೇಡ ಎಂದರೂ ಕೇಳದೆ ಚಿಕ್ಕಮ್ಮ ರಿಕ್ಷಾದಲ್ಲಿ ಮುಲುಂಡ್ ಸ್ಟೇಷನ್ನಿನವರೆಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ.

"ಚಿಕ್ಕಮ್ಮ, ನಿನ್ನೆ ಯಾಕೆ ನಿಂತ್ರಿ? ಅದನ್ನ ಕಿತ್ತು ಹಾಕು ಅಂದಿದ್ರೆ ಸಾಕಿತ್ತಲ್ಲ."

"ನೀನೇ ಕಿತ್ತು ಹಾಕ್ತೀಯೇನೋ ಅಂತ ಕಾದೆ ಕಣೆ" ಎಂದರು, ಹಳಿಯ ಕಡೆ ನೋಡುತ್ತಾ. "ಘಾಟ್ಕೋಪರ್ ತನ್ಕ ಕಾದೆ. ಆಮೇಲೆ ಕಾಲು ನೋವು ಜಾಸ್ತಿ ಆಯ್ತು, ಯೋಚ್ನೆ ಮಾಡೋದು ಬಿಟ್ಟೆ."

ನನಗೆ ಅಳು ಬಂತು. "ತೆಗೆಸ್ತೀನಿ ಚಿಕ್ಕಮ್ಮ. ನಾನು ಹಾಕಿದ್ದು, ನಾನೇ ತೆಗೆಸ್ತೀನಿ."

"ಅದು ನಿನ್ನ ಆಫೀಸು, ನಿನ್ನ ಕೆಲ್ಸ. ಆದ್ರೆ ಕುಸುಮಂಗೆ ಮೇಲಿನೋರು ಅಂತ ಸುಳ್ಳು ಹೇಳಿದ್ಯಲ್ಲ, ಅವಳ ಪಕ್ಕದಲ್ಲಿ ನಾನು ದಿನಾ ಕೂರ್ಬೇಕು. ಈಗ ಬರೋ ಗಾಡೀಲಿ ಅವಳು ಮನೆಗೆ ಹೋಗ್ತಾಳೆ. ಫೋನ್ ಮಾಡಿ ನಿಂಗೆ ಜಾಗ ಇಡು ಅಂದಿದೀನಿ."

ಗಾಡಿ ಬಂತು. ಕೆಲಸ ಮುಗಿಸಿ ಮನೆಗೆ ಹೋಗುವವರ ಗುಂಪು ನನ್ನನ್ನು ಒಳಕ್ಕೆ ನೂಕಿತು. ತಿರುಗಿ ನೋಡಿದರೆ ಚಿಕ್ಕಮ್ಮ ಕೂತಲ್ಲಿಂದಲೇ ಕೈ ಎತ್ತಿದ್ದರು. ಒಳಗಿನಿಂದ ಕುಸುಮಾರ ಗಂಟಲು ಕೇಳಿಸಿತು: "ರೇಖಾ, ಇಲ್ಲಿ, ಇಲ್ಲಿ!"

ಅವರು ಸರಿದು ನನಗೆ ನಾಲ್ಕನೇ ಸೀಟು ಕೊಟ್ಟರು. ಅರ್ಧ ತೊಡೆ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಚಿಕ್ಕಮ್ಮ ದಿನಾ ಕೂರುವುದು ಹೀಗೆ ಎಂದು ಆಗ ಮೈಗೆ ತಿಳಿಯಿತು. ಠಾಣೆ ದಾಟಿತು, ಕಳ್ವಾ ದಾಟಿತು. ವನಜಕ್ಕನ ಕಾಲು ಹೇಗುಂಟು ಎಂದು ಕುಸುಮಾ ಕೇಳುತ್ತಿದ್ದರು. ಡೊಂಬಿವಿಲಿಯಲ್ಲಿ ಅವರು ಇಳಿದುಹೋಗುತ್ತಾರೆ, ಹೇಳುವುದಿದ್ದರೆ ಅಷ್ಟರೊಳಗೆ ಹೇಳಬೇಕು.

"ಕುಸುಮಕ್ಕ, ನಿನ್ನೆ ನಾನು ಹೇಳಿದ್ದು ಸುಳ್ಳು. ಮೇಲಿನೋರು ಯಾರೂ ಇಲ್ಲ. ಆ ಕಟ್ಟೆ ಮಾಡಿದ್ದು ನಾನೇ."

ಅವರು ನನ್ನನ್ನು ನೋಡಿದರು. ಮುಂಬ್ರಾದಲ್ಲಿ ಇನ್ನಷ್ಟು ಜನ ಹತ್ತಿದರು. ಎದ್ದು ಬಾಗಿಲ ಕಡೆ ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಗಾಡಿ ಗಕ್ಕನೆ ಬ್ರೇಕು ಹಾಕಿತು, ನಾನು ಬೆಂಚಿನಿಂದ ಜಾರಿದೆ. ಕುಸುಮಾ ನನ್ನ ರೆಟ್ಟೆ ಹಿಡಿದು ಎಳೆದು ಕೂರಿಸಿಕೊಂಡರು.

"ಮೊದ್ಲು ಸರಿಯಾಗಿ ಕೂತ್ಕೊಳ್ಳಿ ಮಾರಾಯ್ರೆ, ಬೀಳ್ತೀರಿ" ಎಂದರು. ಆಮೇಲೆ ಆಚೆಯ ಇಬ್ಬರ ಕಡೆ ತಿರುಗಿ, "ಸರ್ಕೋ, ಸರ್ಕೋ" ಎಂದರು.

ಮೂವರೂ ಕಿಟಕಿಯ ಕಡೆಗೆ ಒತ್ತಿಕೊಂಡರು. ದಾದರಿನಿಂದ ಬರುವಾಗ ಬುಟ್ಟಿಯವಳಿಗೆ ನಾನು ಕೊಡದೇ ಹೋದಷ್ಟು ಜಾಗ ನನಗೆ ಸಿಕ್ಕಿತು.