ಅಡ್ಮಿನ್ ಅಕ್ಕನ ಹೆಬ್ಬೆರಳು

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಮ್ಮ ಮನೆಯವರು ಹೇಳಿದಾಗಲೆಲ್ಲ ಜಗಳವಾಡಿದ್ದೇನೆ. ಈಗ ಆಡುವುದಿಲ್ಲ. ಬಾಯಿಗಿಂತ ನನ್ನ ಹೆಬ್ಬೆರಳೇ ಹೆಚ್ಚು ವಾಚಾಳಿ ಎಂಬುದು ನನಗೇ ಗೊತ್ತಾಗಿದೆ.

ತುಮಕೂರಿನ ನಮ್ಮ ತಾರಸಿಯಲ್ಲಿ ನಾಲ್ಕು ಬದನೆ ಗಿಡ ಬೆಳೆಸಿದ ಹುಮ್ಮಸ್ಸಿಗೆ ಫೋನಿನಲ್ಲಿ ಕೈತೋಟದವರ ಗ್ರೂಪೊಂದನ್ನು ಮಾಡಿದೆ. ಗುಬ್ಬಿ, ಕುಣಿಗಲ್‌ನವರೂ ಸೇರಿ ಇನ್ನೂರು ಜನರಾದೆವು. ಅಡ್ಮಿನ್ ನಾನು. ನಿವೃತ್ತ ಟೀಚರಿಗೆ ಮತ್ತೊಂದು ತರಗತಿ ಸಿಕ್ಕಂತಾಗಿತ್ತು.

ಕುಣಿಗಲ್‌ನ ಶಮೀಮ್ ಅದರಲ್ಲಿ ಒಬ್ಬರು. ಅವರ ನಿಜವಾದ ಹೆಸರು ಇದಲ್ಲ. ಇದನ್ನು ಬರೆಯಲೇ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಗುಲಾಬಿ ಕಸಿ ಕಟ್ಟುವುದರಲ್ಲಿ ಗಟ್ಟಿಗಿತ್ತಿ. ಒಂದು ಶನಿವಾರ ಬೆಳಿಗ್ಗೆ ನನಗೊಬ್ಬಳಿಗೇ ಬರೆದರು: ತಮಗೆ ಇಂಥ ಕಾಯಿಲೆ, ಆಪರೇಷನ್ ಆಗಬೇಕು, ಎರಡು ತಿಂಗಳು ಗಿಡಗಳನ್ನು ಯಾರಾದರೂ ನೋಡಿಕೊಂಡಾರೇ? ಯಾವ ಕಾಯಿಲೆ ಎಂದು ಇಲ್ಲಿ ಹೇಳುವುದಿಲ್ಲ. ಒಮ್ಮೆ ಹೇಳಿ ಆದ ಅನಾಹುತವೇ ಸಾಕು.

ಓದಿ ಕಣ್ಣು ತುಂಬಿತು. ಕಣ್ಣು ತುಂಬಿದರೆ ಅಕ್ಷರ ಮಂಜಾಗುತ್ತದೆ, ನನ್ನಂಥವರಿಗೆ ಬುದ್ಧಿಯೂ. ಆ ಸಂದೇಶವನ್ನು ಹಾಗೇ ಎತ್ತಿ ಗ್ರೂಪಿಗೆ ಹಾಕಿ, ನಮ್ಮ ಸೋದರಿಗಾಗಿ ಎಲ್ಲರೂ ಪ್ರಾರ್ಥಿಸಿ ಎಂದು ಸೇರಿಸಿದೆ. ಅರ್ಧ ಗಂಟೆಯಲ್ಲಿ ಸಾಲುಸಾಲು ಮುಗಿದ ಕೈಗಳು, ಅವುಗಳ ಹಿಂದೆ ಬಗೆಬಗೆಯ ಕಷಾಯಗಳು ಬಂದವು. ನನ್ನ ಕರುಣೆಗೆ ನಾನೇ ಮೆಚ್ಚಿ ಇನ್ನೊಂದು ಲೋಟ ಕಾಫಿ ಕುಡಿದೆ. ಸಂಜೆ ನೋಡಿದರೆ ಶಮೀಮ್ ಗ್ರೂಪ್ ಬಿಟ್ಟುಹೋಗಿದ್ದರು. ಫೋನ್ ಮಾಡಿದರೆ ಎತ್ತಲಿಲ್ಲ.

ನನಗೆ ಸಿಟ್ಟೇ ಬಂತು. ಉಪಕಾರ ಮಾಡಿದವರಿಗೆ ಇದೇನಾ ಮರ್ಯಾದೆ ಎಂದು ಗ್ರೂಪಿಗೆ ಹಾಕಲು ನಾಲ್ಕು ಸಾಲು ಬರೆದೆ. ನಮ್ಮ ಮನೆಯವರು ಇಣುಕಿ ನೋಡಿ, "ಅವ್ರನ್ನ ಒಂದ್ ಮಾತು ಕೇಳ್ದೆ ಇದನ್ನ ಕಳಿಸ್ಬೇಡ ಕಣೇ," ಅಂದರು. ಅಳಿಸಿದೆ. ಮರುದಿನ ಕುಣಿಗಲ್ ಬಸ್ ಹತ್ತಿದೆ.

ಶಮೀಮ್ ನನ್ನನ್ನು ಕೂರಿಸಿ, ಟೀ ಕೊಟ್ಟ ಮೇಲೆಯೇ ವಿಷಯ ತೆಗೆದರು. ಗುಬ್ಬಿಯಲ್ಲಿರುವ ವಯಸ್ಸಾದ ಅಮ್ಮನಿಗೆ ಆಪರೇಷನ್ ಮುಗಿಯುವವರೆಗೆ ತಿಳಿಯುವುದು ಬೇಡವೆಂದು ಮುಚ್ಚಿಟ್ಟಿದ್ದರಂತೆ. ಅಮ್ಮನ ಪರಿಚಯವಿದ್ದ ನಮ್ಮ ಗ್ರೂಪಿನ ಗುಬ್ಬಿಯವರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ದಾಳಿಂಬೆ ಹಿಡಿದು ಆ ತಾಯಿಗೆ ಧೈರ್ಯ ಹೇಳಲು ಹೋಗಿಬಿಟ್ಟಿದ್ದರು. ಅಮ್ಮ ಅಳುತ್ತಲೇ ಹೊರಟು ಬಂದು, ಈಗ ಒಳಗಿನ ಕೋಣೆಯಲ್ಲಿ ಮಲಗಿದ್ದರು.

"ಅಕ್ಕ, ನಾನು ಹೇಳಿದ್ದು ನಿಮ್ಗೆ. ಗ್ರೂಪ್‌ಗಲ್ಲ," ಎಂದರು ಶಮೀಮ್. ದನಿ ಏರಲಿಲ್ಲ.

ನಾನು ಟೀ ಲೋಟ ಕೆಳಗಿಟ್ಟೆ. ಈಗಲೇ ಎಲ್ಲರೆದುರು ಕ್ಷಮೆ ಕೇಳುತ್ತೇನೆಂದು ಫೋನ್ ತೆಗೆದೆ. ಅವರು ನನ್ನ ಕೈ ಹಿಡಿದರು.

"ಬೇಡ ಅಕ್ಕ. ನೀವು ಸಾರಿ ಅಂದ್ರೆ, ಯಾಕೆ ಅಂತ ಇನ್ನೂರು ಜನ ಕೇಳ್ತಾರೆ. ಸುಮ್ನೆ ಅಳಿಸ್ಬಿಡಿ."

ಕ್ಷಮೆ ಕೇಳುವುದಕ್ಕೂ ನನಗೆ ಸಭೆ ಬೇಕಿತ್ತು ನೋಡಿ. ಸಂದೇಶ ಅಳಿಸಿದೆ. ಗುಬ್ಬಿಯವರಿಗೆ ಫೋನ್ ಮಾಡಿ, ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಒಳಗೆ ಹೋಗಿ ಆ ತಾಯಿಯ ಪಕ್ಕ ಕೂತೆ. ಅವರು ನನಗೇನೂ ಅನ್ನಲಿಲ್ಲ. ಹೆತ್ತವಳಿಂದಲೇ ಬಚ್ಚಿಟ್ಟಳಲ್ಲ ಎಂದು ಮಗಳನ್ನೇ ಬೈದರು. ಬೈಯುತ್ತಲೇ, ಆಪರೇಷನ್‌ಗೆ ತಾವೂ ಆಸ್ಪತ್ರೆಗೆ ಬರುವುದಾಗಿ ಹೇಳಿದರು.

ಹನ್ನೆರಡು ಗುಲಾಬಿ ಕುಂಡಗಳನ್ನು ಗೂಡ್ಸ್ ಆಟೋದಲ್ಲಿ ತುಮಕೂರಿಗೆ ತಂದೆ. ಹನ್ನೊಂದು ಉಳಿದವು. ಸತ್ತ ಒಂದರ ಸುದ್ದಿಯನ್ನು ಅವರೊಬ್ಬರಿಗೇ ತಿಳಿಸಿದೆ.

ಶಮೀಮ್ ಈಗ ಹುಷಾರಾಗಿ ಗ್ರೂಪಿಗೆ ಮರಳಿದ್ದಾರೆ. ಬಂದ ದಿನವೇ ಯಾರೋ, ಆವತ್ತು ಯಾಕೆ ಬಿಟ್ಟುಹೋದಿರಿ, ಅಡ್ಮಿನ್ ಏನಾದರೂ ಅಂದರೇ ಎಂದು ಕೇಳಿದರು. ಶಮೀಮ್ ಉತ್ತರಿಸಿದರು: "ಇಲ್ಲಪ್ಪ, ಫೋನ್ ಕೆಟ್ಟೋಗಿತ್ತು. ನನ್ ಗಿಡ ನೋಡ್ಕೊಂಡಿದ್ದೇ ಅಕ್ಕ."

ನನ್ನ ತಪ್ಪನ್ನು ಇನ್ನೂರು ಜನರ ಕಣ್ಣಿನಿಂದ ಹಾಗೆ ಮರೆಮಾಡಿದ ಆ ಹೆಣ್ಣುಮಗಳಿಗೆ ನನ್ನ ಕೃತಜ್ಞತೆಯನ್ನು ಬೇರೆಯಾಗಿ ಬರೆದು ಕಳಿಸಿದ್ದೇನೆ. ಏನು ಬರೆದೆ ಎಂದು ಮಾತ್ರ ಕೇಳಬೇಡಿ.