ಬಂದ ದಿನವೇ ಪರ್ಮನೆಂಟ್

ಮಾಲೂರಿನ ತವಾ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಮೊಟ್ಟೆ ಒಡೆಯುವುದು. ದೋಸೆ ಅಂಟದಂಥ ಕರಿ ತವಾ ಮಾಡುವ ಕಡೆ ಅದು. ಪ್ರತಿ ಬ್ಯಾಚಿನಿಂದ ಒಂದು ತವಾ ನನ್ನ ಮೇಜಿಗೆ ಬರುತ್ತದೆ. ಒಲೆಯ ಮೇಲಿಟ್ಟು, ಎಣ್ಣೆ ಹಾಕದೆ ಮೊಟ್ಟೆ ಬೇಯಿಸಿ, ತವಾ ಓರೆ ಮಾಡಬೇಕು. ಮೊಟ್ಟೆ ತಾನಾಗಿ ಜಾರಿದರೆ ಬ್ಯಾಚು ಪಾಸು.

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ವಕ್ಕಲೇರಿಯ ನಮ್ಮತ್ತೆಗೆ ನಾನು ಹೇಳಿದ್ದು ‘ತವಾ ಚೆಕಿಂಗ್’ ಎಂದು. ಅದು ಸುಳ್ಳಲ್ಲ. ಆದರೆ ಅತ್ತೆಯದು ಹಾಲು ಕೆಡುವ ಮೊದಲೇ ಕೆಡುತ್ತದೆಂದು ಹೇಳುವ ಮೂಗು. ಅದಕ್ಕೆ ಹೆದರಿ ದಿನಾ ಸಂಜೆ ಫ್ಯಾಕ್ಟರಿಯ ಬಚ್ಚಲಲ್ಲೇ ಸ್ನಾನ ಮಾಡಿ, ಕೆಲಸದ ಬಟ್ಟೆ ಅಲ್ಲೇ ಒಗೆದು ಹಾಕಿ, ಬೇರೆ ಸೀರೆಯುಟ್ಟು ರೈಲು ಹತ್ತುತ್ತಿದ್ದೆ.

ಪಕ್ಕದ ಬೂತಿನಲ್ಲಿ ತವಾಗಳಿಗೆ ಕೋಟಿಂಗ್ ಹೊಡೆಯುತ್ತಿದ್ದವಳು ಮುಳಬಾಗಿಲ ಕಡೆಯ, ತೆಲುಗು ಬೆರೆಸಿ ಮಾತಾಡುವ ಒಬ್ಬ ಅಕ್ಕ. ಒಂಬತ್ತು ವರ್ಷದಿಂದ ಕಾಂಟ್ರಾಕ್ಟು. ಆ ವರ್ಷ ಪರ್ಮನೆಂಟ್ ಲಿಸ್ಟು ಬರುವುದಿತ್ತು. ನಡುವೆ ಬೂತು ಬಿಟ್ಟರೆ ಸರ್ವಿಸು ಮತ್ತೆ ಸೊನ್ನೆಯಿಂದ ಶುರು ಎಂದು ಕಾಂಟ್ರಾಕ್ಟರ್ ಹೇಳಿದ್ದ. ಅಕ್ಕ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಜ್ವರ ಬಂದರೂ ನಿಲ್ಲುತ್ತಿದ್ದಳು.

ಹೀಗಿರುವಾಗ ಒಬ್ಬರು ಡಾಕ್ಟರಮ್ಮ ಬಂದು ನಮ್ಮ ರಕ್ತ ತೆಗೆದುಕೊಂಡು ಹೋದರು. ರೇನ್‌ಕೋಟು ಹೊಲಿಯುವವರದು, ಬೆಂಕಿ ಆರಿಸಲು ನೊರೆ ಹೊಡೆಯುವವರದು, ನಮ್ಮದು, ಎಲ್ಲ ಸೇರಿಸಿ ನೋಡುತ್ತಾರಂತೆ; ಮೂರೂ ಕಡೆ ಬಳಸುವುದು ಒಂದೇ ಜಾತಿಯ ಕೆಮಿಕಲ್ಲಂತೆ. ಕೆಲವು ವಾರದ ಮೇಲೆ ಕ್ಯಾಂಟೀನಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲೊಂದು ಸಂಖ್ಯೆ. ನಾವು ಮಾರ್ಕ್ಸ್ ಕಾರ್ಡಿನ ಹಾಗೆ ಒಬ್ಬರದೊಬ್ಬರು ಇಣುಕಿ ನೋಡಿದೆವು. ಎಲ್ಲರಿಗಿಂತ ಹೆಚ್ಚು ಅಕ್ಕನದು.

“ಅಕ್ಕ ಫಸ್ಟ್ ಬಂದವ್ಳೆ, ಸ್ವೀಟ್ ಕೊಡ್ಸಕ್ಕಾ!” ಎಂದ ಪ್ಯಾಕಿಂಗಿನವನೊಬ್ಬ.

ಡಾಕ್ಟರಮ್ಮ ನಗಲಿಲ್ಲ. “ಇದು ನಿಮ್ಮ ರಕ್ತದಲ್ಲಿರೋ ಕೋಟಿಂಗ್ ಕೆಮಿಕಲ್ಲಿನ ಲೆಕ್ಕ. ಕಮ್ಮಿ ಇದ್ದಷ್ಟೂ ಒಳ್ಳೇದು. ಈ ಕೆಮಿಕಲ್ಲು ಮಣ್ಣಲ್ಲೂ ಕೊಳೆಯಲ್ಲ, ನೀರಲ್ಲೂ ನಾಶ ಆಗಲ್ಲ. ಮೈಗೆ ಸೇರಿದ್ರೆ ವರ್ಷಗಟ್ಟಲೆ ಉಳ್ಕೊಳ್ಳುತ್ತೆ,” ಎಂದರು.

ನಮಗೆ ತಿಳಿಯಲೆಂದು ಸೂಪರ್‌ವೈಸರ್ ಬಿಡಿಸಿ ಹೇಳಿದ: “ಅಂದ್ರೆ, ಪರ್ಮನೆಂಟ್ ಅಂತ.”

ಅಕ್ಕ ಎದ್ದು ನಿಂತಳು. “ಏಮಿ ಸಾರ್ ಇದು ನ್ಯಾಯ? ಒಂಬತ್ತು ವರ್ಷದಿಂದ ನಿಂತಿದೀನಿ, ನಂಗಿಲ್ಲ. ಇದು ಬಂದ ದಿನಾನೇ ಪರ್ಮನೆಂಟಾ? ಯಾರ ಶಿಫಾರಸು ಇದಕ್ಕೆ?”

ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳ ಕೈ ಕಂಡಿತು. ಹಾಳೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಇನ್ನು ಮಡಿಸಲು ಬಾರದಷ್ಟು ಮಡಿಸುತ್ತಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು.

ಡಾಕ್ಟರಮ್ಮ ನನ್ನ ಹಾಳೆ ನೋಡಿದರು. “ನಿಮ್ದು ಕಮ್ಮಿ ಇದೆ. ಏನಾದ್ರೂ ಎಚ್ಚರಿಕೆ ತಗೋತಿದ್ರಾ?”

“ಸ್ನಾನ ಮಾಡಿ, ಬಟ್ಟೆ ಇಲ್ಲೇ ಬಿಟ್ಟು ಹೋಗ್ತೀನಿ.”

“ಒಳ್ಳೇ ಕೆಲ್ಸ. ಯಾರು ಹೇಳ್ಕೊಟ್ರು?”

“ನಮ್ಮತ್ತೆ,” ಎಂದೆ. ಅವರು ಅದನ್ನು ಬರೆದುಕೊಂಡರು.

ನನ್ನದು ಕಡಿಮೆ ಬಂದದ್ದು ಸ್ನಾನದಿಂದಲೇ ಎಂದು ನಾನು ಹೇಳಲಾರೆ. ನಾನು ಬೂತಿನಲ್ಲಿ ನಿಂತವಳಲ್ಲ. ಆದರೆ ಮರುದಿನ ಸಂಜೆ ಬಚ್ಚಲ ಮುಂದೆ ಸಾಲು ಕಟ್ಟಿತ್ತು. ಸಾಲಿನ ಮೊದಲಿಗೆ ಅಕ್ಕ. “ಲೇ ತಲ್ಲೀ, ನಿಮ್ಮತ್ತೇನ ಇಲ್ಲಿ ಸೇಫ್ಟಿ ಆಫೀಸರ್ ಮಾಡ್ಬೇಕು ಕಣೇ,” ಎಂದಳು.

ಹಾಳೆ ಕೊಟ್ಟ ದಿನ ಹೊರಡುವ ಮುಂಚೆಯೇ, ಬೂತು ಬಿಡಿ ಎಂದು ಡಾಕ್ಟರಮ್ಮ ಅವಳಿಗೆ ಹೇಳಿದ್ದರು. “ಲಿಸ್ಟು ಬರ್ಲಿ ಡಾಕ್ಟರಮ್ಮ. ಅದು ನನ್ನೊಳಗೆ ಪರ್ಮನೆಂಟ್ ಆಗೋಯ್ತು. ನಾನು ಈ ಫ್ಯಾಕ್ಟರಿಯೊಳಗೆ ಆಗೋದು ಬೇಡ್ವಾ?” ಎಂದಿದ್ದಳು ಅಕ್ಕ. ಅವರು ಬ್ಯಾಗಿನಿಂದ ಒಂದು ದಪ್ಪ ಮಾಸ್ಕು ತೆಗೆದು ಕೊಟ್ಟು ಹೋದರು.

ಎರಡು ತಿಂಗಳಿಗೆ ಲಿಸ್ಟು ಬಂತು. ಅಕ್ಕನ ಹೆಸರಿತ್ತು. ಪರ್ಮನೆಂಟಾದವರು ಜಾಗ ಬದಲಿಸಿದರೆ ಸರ್ವಿಸು ಮುರಿಯುವುದಿಲ್ಲ. ಅಕ್ಕ ಒಂದು ಕೈಯಲ್ಲಿ ಆರ್ಡರು ಇಸಕೊಂಡು ಇನ್ನೊಂದು ಕೈಯಲ್ಲಿ ಬದಲಿ ಅರ್ಜಿ ಕೊಟ್ಟಳು.

“ಇವತ್ತೇನಾ?” ಸೂಪರ್‌ವೈಸರ್ ಬೆರಗಾದ.

“ಇನ್ನೇನ್ ಸಾರ್, ಒಳಗಿರೋದು ರಿಟೈರ್ ಆಗೋವರ್ಗೂ ಕಾಯ್ಲಾ?”

ಖಾಲಿಯಿದ್ದದ್ದು ನನ್ನ ಮೇಜಿನ ಪಕ್ಕದ ಜಾಗ. ಸೋಮವಾರ ಅಕ್ಕ ಬಂದಳು. ಅಂದಿನ ಬ್ಯಾಚಿನ ತವಾ ಹೊಗೆಯಾಡಬಾರದೆಂದು ಉರಿ ಸಣ್ಣ ಮಾಡಿ, ಕಿಟಕಿ ತೆಗೆದು, ಮೊದಲ ಮೊಟ್ಟೆ ಒಡೆದಳು. ಅರ್ಧ ಸಿಪ್ಪೆಯೂ ಒಳಗೇ ಬಿತ್ತು. ಬೆಂದ ಮೇಲೆ ತವಾ ಓರೆ ಮಾಡಿದಳು. ಮೊಟ್ಟೆ ಅಲುಗಲಿಲ್ಲ. ಇನ್ನಷ್ಟು ಓರೆ ಮಾಡಿದಳು. ಇಲ್ಲ.

ಇಬ್ಬರೂ ಬೂತಿನ ಕಡೆ ನೋಡಿದೆವು. ಅಲ್ಲಿ ಅಂದೇ ಸೇರಿದ ಹೊಸಬಳು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ ಕೋಟಿಂಗ್ ಹೊಡೆಯುತ್ತಿದ್ದಳು.

ಅಕ್ಕ ಮೊಟ್ಟೆ ಅಂಟಿದ ತವಾವನ್ನು ಒಂದು ಕೈಯಲ್ಲಿ, ಡಾಕ್ಟರಮ್ಮ ಕೊಟ್ಟ ಮಾಸ್ಕನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದ್ದುಹೋದಳು. ಅವಳ ದನಿ ನನ್ನ ಮೇಜಿನವರೆಗೂ ಕೇಳಿಸಿತು.

“ಏಯ್ ಅಮ್ಮೀ, ಆ ಕರ್ಚೀಫು ಬಿಚ್ಚಿ ಇದು ಹಾಕ್ಕೋ. ತವಾಗೆ ಕೋಟಿಂಗ್ ಹೆಂಗೆ ಹೊಡೀಬೇಕು ಅಂತ ಆಮೇಲೆ ತೋರಿಸ್ತೀನಿ. ಸಾಯಂಕಾಲ ಸ್ನಾನ ಮಾಡ್ದೆ ಗೇಟು ದಾಟಿದ್ಯೋ, ವಕ್ಕಲೇರಿಯಿಂದ ಅವಳತ್ತೇನ ಕರೆಸ್ತೀನಿ, ನೋಡ್ಕೋ!”